ಅಮ್ಮನಿಗೆ ಕಪಾಲಭಾತಿ ಬೇಡ ಮಾರಾಯ

ತಮ್ಮಾ,

ಫೋನಲ್ಲೇ ಹೇಳ್ಬಹುದಿತ್ತು, ಆದ್ರೆ ನೀವು ಯಾವಾಗ್ಲೂ ಸ್ಪೀಕರ್ ಹಾಕಿ ಜಗಲಿ ಮೇಲೆ ಇಡ್ತೀರಿ, ಅಮ್ಮ ಅಲ್ಲೇ ಕೂತು "ನಂಗೆಂತದೂ ಆಗಿಲ್ಲ, ಮಳೆಗಾಲದ ಕೆಮ್ಮು" ಅಂತಾಳೆ, ಮಾತು ಅಲ್ಲಿಗೆ ಮುಗೀತು. ಅದ್ಕೇ ಟೈಪ್ ಮಾಡ್ತಿದೀನಿ. ನೀನೂ ಸುಮಾನೂ ಓದಿ ಸಾಕು.

ಸುಮಾ ಮೊನ್ನೆ ಹೇಳಿದ್ಲು, ನೀನು ಬೆಳಿಗ್ಗೆ ಟಿವಿ ಹಾಕಿ ಅಮ್ಮನ್ನ ಕೂರಿಸ್ಕೊಂಡು ಕಪಾಲಭಾತಿ, ಭಸ್ತ್ರಿಕಾ ಅಂತ ಜೋರಾಗಿ ಉಸಿರು ತಳ್ಳೋ ಪ್ರಾಣಾಯಾಮ ಎಲ್ಲ ಮಾಡಿಸ್ತಿದೀಯಂತೆ. ನಿನ್ನ ಮನಸ್ಸು ಒಳ್ಳೇದೇ, ಆದ್ರೆ ನಿಲ್ಸು, ಅಮ್ಮನಿಗೂ ನನ್ನದೇ ಕಾಯಿಲೆ ಇರ್ಬಹುದು ಅಂತ ನಂಗೆ ಅನುಮಾನ. ನನಗೆ ಸಿಒಪಿಡಿ, ಅಂದ್ರೆ ಗಾಳಿ ಕೊಳವೆ ಕಿರಿದಾಗಿ ಉಸಿರಿಗೆ ಕಷ್ಟ ಆಗೋ ಶ್ವಾಸಕೋಶದ ಕಾಯಿಲೆ, ಅಂತ ಗೊತ್ತಾದ ಹೊಸತರಲ್ಲಿ ನಾನೂ ಇಲ್ಲಿ ಇಂಗ್ಲೆಂಡಿನ ಲೆಸ್ಟರಲ್ಲಿ ಮೊಬೈಲ್ ನೋಡ್ಕೊಂಡು ಭಸ್ತ್ರಿಕಾ ಮಾಡೋಕೆ ಹೋಗಿ, 20 ಸಲ ಆಗೋದ್ರೊಳಗೆ ತಲೆ ತಿರುಗಿ, ಎದೆ ಬಿಗಿದು, ಅಡುಗೆಮನೆ ನೆಲದ ಮೇಲೆ ಕೂತ್ಬಿಟ್ಟಿದ್ದೆ. ಮೊಮ್ಮಗಳು ಹೆದರಿ ಅಳೋಕೆ ಶುರು ಮಾಡಿದ್ಲು. ನಿಮಗೆ ಹೇಳಿರ್ಲಿಲ್ಲ.

ನಮ್ಮ ತೊಂದ್ರೆ ಉಸಿರು ಒಳಗೆ ತಗೊಳ್ಳೋದ್ರಲ್ಲಿ ಅಲ್ಲ ಕಣೋ, ಹೊರಗೆ ಬಿಡೋದ್ರಲ್ಲಿ. ಸಣ್ಣ ಸಣ್ಣ ಗಾಳಿ ಕೊಳವೆಗಳು ಸಡಿಲ ಆಗಿರ್ತವೆ, ಜೋರಾಗಿ ಹೊರಗೆ ತಳ್ಳಿದ್ರೆ ಅವೇ ಮುಚ್ಕೊಂಡ್ಬಿಡ್ತವೆ, ಹಳೇ ಗಾಳಿ ಒಳಗೇ ಉಳಿಯತ್ತೆ, ಹೊಸದಕ್ಕೆ ಜಾಗ ಇಲ್ಲ. ಕೊಟ್ಟಿಗೆ ಬಾಗಿಲಲ್ಲಿ ದನ ಎಲ್ಲ ಒಟ್ಟಿಗೆ ನುಗ್ಗಿದ್ರೆ ಒಂದೂ ಹೊರಗೆ ಬರಲ್ವಲ್ಲ, ಹಾಗೆ. ಕಪಾಲಭಾತಿ ಅಂದ್ರೆ ಹಿಂದಿಂದ ಕೋಲು ತಗೊಂಡು ಅಟ್ಟಿದ ಹಾಗೆ.

ಇಲ್ಲಿ ಡಾಕ್ಟ್ರು ಮೊದಲು ಕೇಳಿದ್ದೇ ಎಷ್ಟು ವರ್ಷ ಸಿಗರೇಟ್ ಸೇದಿದ್ರಿ ಅಂತ. ನಾನೆಂತ ಸೇದೋದು! ಆಮೇಲೆ ಹೇಳಿದೆ, ಬಚ್ಚಲೊಲೆ, ಅಡುಗೆ ಒಲೆ, ಸುಗ್ಗೀಲಿ ದೊಡ್ಡ ಹಂಡೇಲಿ ಅಡಿಕೆ ಬೇಯಿಸೋದು, ಮಳೆಗಾಲದಲ್ಲಿ ಹಸಿ ಸೌದೆ. ಅಡಿಕೆ ಬೇಯಿಸಿದ ಚೊಗರು ನೀರು ಅಂದ್ರೆ ಎಂತ ಅಂತ ಬಿಡಿಸಿ ಹೇಳೋಕೇ ಹತ್ತು ನಿಮಿಷ ಹೋಯ್ತು. ಸೌದೆ ಹೊಗೆಯಿಂದಲೂ ಈ ಕಾಯಿಲೆ ಬರತ್ತೆ, ನಮ್ಮ ಕಡೆ ಹೆಂಗಸರಿಗೆ ಬರೋದು ಹೆಚ್ಚಾಗಿ ಹೀಗೇ ಅಂದ್ರು. ನಾನು ಮದುವೆ ಆಗಿ ಹೊರಟವಳು, ಅಮ್ಮ 60 ವರ್ಷದಿಂದ ಅದೇ ಒಲೆ ಮುಂದೆ ಕೂತಿದ್ದಾಳೆ. ತೋಟದಿಂದ ಮನೆಗೆ ಹತ್ತೋವಾಗ ಎರಡು ಕಡೆ ನಿಲ್ತಾಳೆ ಅಂತ ನೀನೇ ಹೇಳಿದ್ದಲ್ವಾ, ಅದು ಬರೀ ವಯಸ್ಸು ಅಂತ ಬಿಡ್ಬೇಡ.

ವಾರಕ್ಕೆ 2 ಸಲ ನಂಗೆ ಪಲ್ಮನರಿ ರಿಹ್ಯಾಬ್ ಕ್ಲಾಸು, ಅಂದ್ರೆ ಶ್ವಾಸಕೋಶದ ಕಾಯಿಲೆಯವರಿಗೆ ವ್ಯಾಯಾಮ ಕಲಿಸೋದು, ನಡಿಗೆ, ಕುರ್ಚಿಯಿಂದ ಎದ್ದು ಕೂರೋದು, ಉಸಿರಾಟ. ಮೊದಲನೇ ದಿನ ಫಿಸಿಯೋ ಹುಡುಗಿ ಮೂಗಿಂದ ತಗೊಂಡು ತುಟಿ ಸಣ್ಣ ಮಾಡಿ ಊದಿ ಅಂದಾಗ ನಂಗೆ ನಗು ಬಂತು, ನಮ್ಮ ಊದುಗೊಳವೆ ನೆನಪಾಯ್ತು. ಯಾವುದನ್ನ ಊದಿ ಊದಿ ಎದೆ ಕೆಡಿಸ್ಕೊಂಡ್ವೋ ಈಗ ಮತ್ತೆ ಊದೋದೇ! ಆದ್ರೆ ಇದು ಉರಿ ಎಬ್ಬಿಸೋ ಊದು ಅಲ್ಲ, ಬಿಸಿ ಕಷಾಯ ಆರಿಸೋ ಊದು. 2 ಎಣಿಸೋಷ್ಟು ಒಳಗೆ, 4 ಎಣಿಸೋಷ್ಟು ಹೊರಗೆ, ತಿಣುಕೋ ಹಾಗಿಲ್ಲ. ತುಟಿ ಸಣ್ಣ ಇದ್ರೆ ಒಳಗೆ ಸ್ವಲ್ಪ ಒತ್ತಡ ನಿಲ್ಲತ್ತೆ, ಕೊಳವೆ ಮುಚ್ಕೊಳ್ಳಲ್ಲ. ಅಮ್ಮ ಮೆಟ್ಲು ಹತ್ತೋವಾಗ, ಕೊಡ ಎತ್ತೋವಾಗ ಊದ್ತಾ ಮಾಡ್ಲಿ, ಉಸಿರು ಕಟ್ಟಿ ಮಾಡೋದು ಬೇಡ. ತೀರಾ ಏದುಸಿರು ಬಂದ್ರೆ ಮುಂದೆ ಬಾಗಿ ಮೊಣಕಾಲ ಮೇಲೆ ಕೈ ಊರಿ ಕೂರ್ಲಿ. ಭ್ರಾಮರಿ ಮಾಡ್ಬಹುದು, ಅದೂ ಉದ್ದ ಉಸಿರೇ, ಮೊಮ್ಮಗಳು ನಂಜೊತೆ ಕೂತು ಗುಂಯ್ ಅಂತಾಳೆ. ಒಂದೊಂದೇ ಹೊಳ್ಳೆಯಿಂದ ಉಸಿರಾಡೋ ನಾಡಿಶೋಧನ ಮೂಗು ಕಟ್ಟಿಲ್ದಿದ್ರೆ ನಿಧಾನಕ್ಕೆ, ಉಸಿರು ಹಿಡಿದಿಡೋ ಕುಂಭಕ ಮಾತ್ರ ಬೇಡವೇ ಬೇಡ.

ನೀನು ಹೇಳ್ತೀಯ, ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ರಿಗೆ ಚಿಕ್ಕಂದಿನಲ್ಲಿ ಟಿಬಿ ಇತ್ತು, ಯೋಗದಿಂದಲೇ ಗಟ್ಟಿ ಆದ್ರು ಅಂತ. ಹೌದು. ಆದ್ರೆ ಅವರೂ ಪ್ರಾಣಾಯಾಮ ಕಲಿಸೋವಾಗ ದಿಂಬು ಕೊಟ್ಟು ಮಲಗಿಸಿ ಶುರು ಮಾಡಿಸ್ತಿದ್ರು, ಅವಸರ ಇರ್ಲಿಲ್ಲ. ಮತ್ತೆ ಸಿಒಪಿಡೀಲಿ ಹಾಳಾದ ಭಾಗ ತಿರುಗಿ ಬರಲ್ಲ. ನಂದೂ ವಾಸಿ ಆಗಿಲ್ಲ, ಇರೋ ಉಸಿರಲ್ಲಿ 6 ನಿಮಿಷದ ನಡಿಗೆ 290 ಮೀಟರಿಂದ 340 ಆಗಿದೆ ಅಷ್ಟೇ. ನಂಗದೇ ದೊಡ್ಡದು.

ಮೊದಲು ಅಮ್ಮನ್ನ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಸ್ಪೈರೋಮೆಟ್ರಿ ಅಂತ ಊದಿಸಿ ನೋಡೋ ಉಸಿರಿನ ಪರೀಕ್ಷೆ ಮಾಡ್ಸು, ಮೆಗ್ಗಾನ್ ಆಸ್ಪತ್ರೆ ಆದ್ರೂ ಸರಿ, ಬೇರೆ ಶ್ವಾಸಕೋಶದ ಡಾಕ್ಟ್ರಾದ್ರೂ ಸರಿ. ಔಷಧಿ ಎಳ್ಕೊಂಡ ಮೇಲೂ ಮೊದಲ 1 ಸೆಕೆಂಡಲ್ಲಿ ಊದಿದ ಗಾಳಿ ಒಟ್ಟು ಊದಿದ್ದರ 70 ಪರ್ಸೆಂಟ್‌ಗಿಂತ ಕಡಿಮೆ ಬಂದ್ರೆ ಇದೇ ಅಂತ ಹೇಳ್ತಾರೆ. ಇನ್ಹೇಲರ್ ಕೊಟ್ರೆ "ಅಭ್ಯಾಸ ಆಗ್ಬಿಡತ್ತೆ" ಅಂತ ಅಮ್ಮ ಕಪಾಟಲ್ಲಿ ಇಡೋದು ಗ್ಯಾರಂಟಿ, ಪ್ರಾಣಾಯಾಮ ಅದರ ಬದಲಿಗಲ್ಲ ಅಂತ ಸುಮಾನೇ ಹೇಳ್ಲಿ, ಅವಳ ಮಾತು ಕೇಳ್ತಾಳೆ. ಸ್ಟೀರಾಯ್ಡ್ ಇರೋ ಇನ್ಹೇಲರ್ ಆದ್ರೆ ಆಮೇಲೆ ಬಾಯಿ ಮುಕ್ಕಳಿಸ್ಬೇಕು. ಫ್ಲೂ ಲಸಿಕೆ ಕೇಳು. ತುಟಿ ನೀಲಿ ಆದ್ರೆ, ಒಂದು ವಾಕ್ಯ ಪೂರ್ತಿ ಆಡೋಕಾಗ್ದಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡ.

ಬಚ್ಚಲಿಗೆ ಸೋಲಾರ್ ಹಾಕ್ಸು ಅಂತ ಹೇಳ್ತಿದ್ದೆ, ಮಳೆಗಾಲದಲ್ಲಿ ಎಂತ ಪ್ರಯೋಜನ ಅಂತ ನೀನು ನಗ್ತೀಯ. ಸರಿ, ಗೀಸರ್ ಹಾಕ್ಸು, ದುಡ್ಡು ನಾನು ಕಳಿಸ್ತೀನಿ. ಅಡಿಕೆ ಒಲೆ ಈ ವರ್ಷ ಅಂಗಳದ ಆಚೆ ಹೂಡು, ಅಮ್ಮ ಸುಲಿಯೋಕೆ ಕೂರ್ಲಿ, ಬೇಯಿಸೋ ಕಡೆ ಹೋಗೋದು ಬೇಡ.

ಭಾನುವಾರ ನಮ್ಮ ಬೆಳಿಗ್ಗೆ 8ಕ್ಕೆ ವಿಡಿಯೋ ಕಾಲ್ ಮಾಡ್ತೀನಿ, ನಿಮಗೆ ಹನ್ನೆರಡೂವರೆ, ಊಟಕ್ಕೆ ಮುಂಚೆ. ಅಮ್ಮನಿಗೆ ಹೇಳು, ಅಕ್ಕಂಗೆ ಒಬ್ಬಳಿಗೇ ಊದೋಕೆ ಬೇಜಾರಂತೆ, ಜೊತೆಗೆ ಕೂರ್ಬೇಕಂತೆ ಅಂತ. ಅವಳ ಕಾಯಿಲೆ ಮಾತು ಎತ್ಬೇಡ.

ನಿನ್ನ ಅಕ್ಕ