ವಿಷಯ: ಹತ್ತನೇ ತರಗತಿಯ ವೇಳಾಪಟ್ಟಿ ಹಾಗೂ ಕನ್ನಡ ಟೀಚರ್ ಕುರಿತು

ಕಲಬುರಗಿ

ಮಾನ್ಯ ಪೋಷಕರಿಗೆ ಶರಣು ಶರಣಾರ್ಥಿ.

ಹೋದ ವಾರ ನಮ್ಮ ಕನ್ನಡ ಟೀಚರ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ವಿಡಿಯೊ ಪೋಷಕರ ವಾಟ್ಸ್ಯಾಪ್ ಗ್ರೂಪಿನಲ್ಲಿ ಓಡಾಡಿತು. "ಪಗಾರ ತಗೊಂಡು ನಿದ್ದಿ ಮಾಡ್ತಾರ" ಎಂದು ಒಬ್ಬರು, "ಮಾತು ತೊದಲ್ತಾರ, ಕುಡದ ಬಂದಾರೇನ್ರಿ ಸರ" ಎಂದು ಇನ್ನೊಬ್ಬರು ಬರೆದಿದ್ದರು. ಕಿಟಕಿಯಿಂದ ಶೂಟಿಂಗ್ ಮಾಡಿದವರು ಯಾರೆಂದು ನನಗೆ ಗೊತ್ತು. ಆ ಮಾತು ಇಲ್ಲಿಗೇ ಬಿಡುತ್ತೇನೆ. ಈ ಪತ್ರವನ್ನು ಟೀಚರಿಗೆ ಮೊದಲು ತೋರಿಸಿ, ಅವರು ಹೂಂ ಅಂದ ಮೇಲೆಯೇ ಕಳಿಸುತ್ತಿದ್ದೇನೆ.

ಅವರಿಗೆ ಮಯಸ್ತೀನಿಯಾ ಗ್ರೇವಿಸ್ ಎಂಬ ಕಾಯಿಲೆ ಇದೆ. ನರದ ಆಜ್ಞೆಯನ್ನು ಸ್ನಾಯುವಿಗೆ ಮುಟ್ಟಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವಿದೆ. ಅದು ಸ್ನಾಯುವಿನಲ್ಲಿ ಹೋಗಿ ಕೂರುವ ಜಾಗಗಳ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ಶತ್ರುವೆಂದು ತಿಳಿದು ಬೀಳುತ್ತದೆ. ಹಾಗಾಗಿ ಸ್ನಾಯು ದುಡಿದಷ್ಟೂ ಸೋಲುತ್ತದೆ, ಸ್ವಲ್ಪ ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತದೆ. ಬೆಳಿಗ್ಗೆ ಗಟ್ಟಿಯಿದ್ದವರು ಸಂಜೆಗೆ ಸೋತಿರುತ್ತಾರೆ. ಸೆಕೆಗೆ ಇನ್ನೂ ಜಾಸ್ತಿ, ನಮ್ಮೂರ ಬಿಸಿಲಂತೂ ಹೇಳುವುದೇ ಬೇಡ. ರೆಪ್ಪೆ ತಾನಾಗಿ ಇಳಿಯುತ್ತದೆ, ಒಂದು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ನಾನೂ ತಪ್ಪು ತಿಳಿದವನೇ. ಜುಲೈಯಲ್ಲಿ ಅವರು ವಚನ ಓದುವಾಗ ಬಾಗಿಲಲ್ಲಿ ನಿಂತಿದ್ದೆ. ಮೊದಲ ನಾಲ್ಕು ಸಾಲು ಖಣಖಣ. ಐದನೆಯದಕ್ಕೆ ದನಿ ಮೂಗಿಗೇರಿತು. ಎಡಗಣ್ಣಿನ ರೆಪ್ಪೆಯನ್ನು ಬೆರಳಿಂದ ಎತ್ತಿ ಹಿಡಿದು ಉಳಿದದ್ದನ್ನು ಓದಿ ಮುಗಿಸಿದರು. ರೆಪ್ಪೆಗೆ ಚಾಕ್‌ಪೀಸಿನ ಪುಡಿ ಹತ್ತಿತ್ತು. "ರಾತ್ರಿ ಮೊಬೈಲ್ ಕಡಿಮೆ ನೋಡ್ರಿ ಟೀಚರ್" ಅಂದುಬಿಟ್ಟೆ. ಕಡಕ್ ರೊಟ್ಟಿ ಬಿಟ್ಟು ಮಜ್ಜಿಗೆಯಲ್ಲಿ ಕಲಸಿದ ನುಚ್ಚು ಡಬ್ಬಿಯಲ್ಲಿ ತರತೊಡಗಿದಾಗ, ಅದನ್ನೂ ಗದ್ದಕ್ಕೆ ಕೈ ಕೊಟ್ಟು ಅಗಿಯುವಾಗ, ಹಲ್ಲುನೋವು ಇರಬೇಕು ಅಂದುಕೊಂಡೆವು. ಸೊಲ್ಲಾಪುರ, ಹೈದರಾಬಾದ್ ಸುತ್ತಿದ ಮೇಲೆ ನರರೋಗ ತಜ್ಞರೊಬ್ಬರು ಎರಡು ನಿಮಿಷ ರೆಪ್ಪೆಯ ಮೇಲೆ ಐಸ್ ಇಟ್ಟರಂತೆ, ಇಳಿದ ರೆಪ್ಪೆ ಮೇಲೆದ್ದಿತಂತೆ. ರಕ್ತಪರೀಕ್ಷೆ ಇದೇ ಕಾಯಿಲೆ ಎಂದು ಖಾತ್ರಿ ಮಾಡಿತು.

ಈಗ ಪಿರಿಡೊಸ್ಟಿಗ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಅರ್ಧ ಗಂಟೆಯಲ್ಲಿ ಹಿಡಿಯುತ್ತದೆ, ಮೂರು-ನಾಲ್ಕು ತಾಸು ಇರುತ್ತದೆ. ಹೊಸ ಪ್ರಯೋಗವೇನಲ್ಲ, ಇದೇ ಜಾತಿಯ ಔಷಧವನ್ನು ಮೇರಿ ವಾಕರ್ ಎಂಬ ವೈದ್ಯೆ ಇಂಗ್ಲೆಂಡಿನಲ್ಲಿ 1934ರಲ್ಲೇ ಕೊಟ್ಟು ನೋಡಿದ್ದರು. ಜೊತೆಗೆ ಸ್ಟೆರಾಯ್ಡ್ ಇದೆ. ಮುಖ ಊದಿರುವುದು ಅದರಿಂದ. ಅದಕ್ಕೂ ಗ್ರೂಪಿನಲ್ಲಿ ಒಂದು ನಗುವ ಮುಖ ಬಿದ್ದಿತ್ತು. ಎದೆಯೊಳಗಿನ, ಅದೇ ರಕ್ಷಣಾ ವ್ಯವಸ್ಥೆಗೆ ಸೇರಿದ ಥೈಮಸ್ ಗ್ರಂಥಿ ತೆಗೆಸುವ ಮಾತೂ ನಡೆದಿದೆ.

ಇನ್ನು ವೇಳಾಪಟ್ಟಿ. ಕನ್ನಡದ ತಾಸುಗಳನ್ನು ಬೆಳಿಗ್ಗೆ ಹಾಕಿ, ಹತ್ತನೇ ತರಗತಿಯ ಗಣಿತವನ್ನು ಊಟದ ನಂತರಕ್ಕೆ ತಂದಿದ್ದೇವೆ. ಬೆಳಿಗ್ಗೆಯೆಂದರೆ ಟೀಚರಿಗೆ ಮಾತ್ರೆ ಬಲವಾಗಿರುವ, ಸ್ನಾಯು ಇನ್ನೂ ಸೋಲದ ಹೊತ್ತು. "ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಬೆಳಿಗ್ಗೆಯೇ ಬೇಕು, ಕನ್ನಡ ಯಾವಾಗಾದರೂ ನಡೀತದ" ಎಂದು ಹಲವರು ಹೇಳಿದಿರಿ. ನಿಮ್ಮ ಚಿಂತೆ ಸುಳ್ಳಲ್ಲ. ಬಿಸಿಯೂಟ ಮುಗಿದ ಮೇಲೆ ಮಕ್ಕಳು ತೂಕಡಿಸುತ್ತಾರೆ. ಆದರೆ ಆ ಗಣಿತ ತೆಗೆದುಕೊಳ್ಳುವವನು ನಾನೇ, ತೂಕಡಿಸಲು ನಾನು ಬಿಡುವುದಿಲ್ಲ. ಬಿಟ್ಟರೆ ನನ್ನ ವಿಡಿಯೊವನ್ನೂ ಹಾಕಿ. ಗಣಿತದ ಒಂದು ತಾಸೂ ಕಡಿಮೆಯಾಗಿಲ್ಲ, ಹೊತ್ತಷ್ಟೇ ಬದಲಾಗಿದೆ. ಶನಿವಾರದ ಬೆಳಗಿನ ಶಾಲೆಯಲ್ಲಿ ಮೊದಲ ಪಿರಿಯಡ್ ಗಣಿತಕ್ಕೇ ಇಟ್ಟಿದ್ದೇನೆ. ಇಷ್ಟಾದ ಮೇಲೂ ಸಮಾಧಾನವಾಗದವರು ಯಾವ ದಿನ ಬೇಕಾದರೂ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಆದರೆ ಈ ವರ್ಷ ವೇಳಾಪಟ್ಟಿ ಹೀಗೇ ಇರುತ್ತದೆ. ಟೀಚರ್ ಕುರ್ಚಿಯಲ್ಲಿ ಕೂತೇ ಪಾಠ ಮಾಡುತ್ತಾರೆ, ಕಾಲರ್ ಮೈಕ್ ಹಾಕಿಕೊಳ್ಳುತ್ತಾರೆ, ನಡುನಡುವೆ ಎರಡು ನಿಮಿಷ ಕಣ್ಣು ಮುಚ್ಚುತ್ತಾರೆ. ಆ ಎರಡು ನಿಮಿಷದಲ್ಲಿ ಮಕ್ಕಳು ಓದಿಕೊಳ್ಳುತ್ತಾರೆ, ಗಲಾಟೆ ಮಾಡಿದ್ದನ್ನು ನಾನು ಕಂಡಿಲ್ಲ.

"ಬೇರೆಯವರನ್ನು ತನ್ನಿ" ಎಂದವರಿಗೆ: ಹೋದ ವರ್ಷ ಕನ್ನಡದಲ್ಲಿ ನಮ್ಮ ಒಬ್ಬ ವಿದ್ಯಾರ್ಥಿಯೂ ನಪಾಸಾಗಿಲ್ಲ. ಪಾಠ ಮಾಡಿದ್ದು ಇವರೇ.

ಒಂದು ಕೋರಿಕೆ: ಮಗುವಿಗೆ ಜ್ವರ, ಕೆಮ್ಮು ಇದ್ದ ದಿನ ಶಾಲೆಗೆ ಕಳಿಸಬೇಡಿ, ಸೋಂಕು ತಗುಲಿದರೆ ಟೀಚರಿಗೆ ಉಸಿರಾಡುವ ಸ್ನಾಯುಗಳೇ ಸೋಲುವ ಅಪಾಯವಿದೆ.

ಪೋಷಕರ ಸಭೆ ಬರುವ ಶನಿವಾರ 10 ಗಂಟೆಗೆ. ಟೀಚರ್ ಬರುತ್ತಾರೆ, ಅದಕ್ಕೆಂದೇ ಬೆಳಿಗ್ಗೆ ಇಟ್ಟದ್ದು.

ನಿಮ್ಮ ವಿಶ್ವಾಸಿ,
ಮುಖ್ಯಗುರುಗಳು