ಮುದ್ದೆಯಲ್ಲೂ ಪಿಷ್ಟವಿದೆ

ಮಾನ್ಯರೇ,

ಮೂವತ್ತರ ಆಸುಪಾಸಿನಲ್ಲೇ ಟೈಪ್ 2 ಮಧುಮೇಹ ಬಂದವರಿಗೆ ನಮ್ಮ ಕಡೆ ಸಿಗುವ ಮೊದಲ ಸಲಹೆ: ಅನ್ನ ಬಿಡು, ಮುದ್ದೆ ಉಣ್ಣು. ನಾರು, ಸುಣ್ಣದಂಶದಲ್ಲಿ ರಾಗಿ ಮೇಲು, ನಿಜ. ಆದರೆ 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ (ಬಹುಪಾಲು ಪಿಷ್ಟವೇ) ಇದ್ದರೆ, ರಾಗಿಯಲ್ಲೂ 70ರ ಹತ್ತಿರ ಇದೆ. ಎರಡೆರಡು ಮುದ್ದೆ ನುಂಗಿ ಸಕ್ಕರೆ ಇಳಿಯಲಿಲ್ಲ ಎಂದರೆ ಅಚ್ಚರಿಯೇನು? ಇಳಿಯಬೇಕಾದ್ದು ಒಟ್ಟು ಪಿಷ್ಟ. ಮುದ್ದೆ ಅರ್ಧವಾಗಿ, ಬಸ್ಸಾರಿನ ಸೊಪ್ಪು, ಕಾಳು, ಮೊಟ್ಟೆ ಹೆಚ್ಚಲಿ.

ಇನ್ನು ಯೂಟ್ಯೂಬ್ ನೋಡಿ ರಾತ್ರೋರಾತ್ರಿ ಕೀಟೊ (ಪಿಷ್ಟ ಬಹುತೇಕ ಬಿಟ್ಟು ಕೊಬ್ಬು ಹೆಚ್ಚು ತಿನ್ನುವ ಪಥ್ಯ) ಹಿಡಿಯುವವರದು ಬೇರೆಯದೇ ಪಾಡು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಲೇ ಪಿಷ್ಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಮಾತ್ರೆ ಜೊತೆಗಾದರೆ ಕೀಟೋಆಸಿಡೋಸಿಸ್ (ಕೀಟೋನ್ ಹೆಚ್ಚಿ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ) ಭಯ. ವೈದ್ಯರು ಔಷಧಿಯ ಪ್ರಮಾಣ ನೋಡಬೇಕಾದ್ದು ತಟ್ಟೆ ಬದಲಾಗುವ ಮೊದಲು, ಆಮೇಲಲ್ಲ.

– ಓದುಗ, ಮಂಡ್ಯ