ಈ ವಾರದ ಕಥೆ: ಕೀಟಲೆಗಳ ಗುಟ್ಟಿನ ನಾಯಕಿ

ಗೆಳೆಯರೇ, ಈ ವಾರದ ಕಥೆಗೆ ವಿಷಯ: ವಸತಿ ಶಾಲೆಯಲ್ಲಿ ಕೀಟಲೆಗಳನ್ನೆಲ್ಲ ಗುಟ್ಟಾಗಿ ಮಾಡಿಸುವ ಜಾಣ ಹುಡುಗಿ.

‘ಅವಳು ತುಂಬಾ ಜಾಣೆ’ ಅಂತ ಸುಮ್ನೆ ಬರೆದು ಮುಂದೆ ಹೋಗಬೇಡಿ. ಜಾಣತನ ಅವಳ ಕೆಲಸದಲ್ಲಿ ಕಾಣಲಿ. ವಾರ್ಡನ್ ಎಷ್ಟು ಹೊತ್ತಿಗೆ ಸುತ್ತು ಬರುತ್ತಾರೆ, ಯಾವ ಬಾಗಿಲು ಕಿರುಗುಟ್ಟುತ್ತದೆ, ಯಾರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಎಲ್ಲ ಅವಳಿಗೆ ಗೊತ್ತು. ಬೆಳಿಗ್ಗೆ ಗಂಟೆ ಹೊಡೆದರೆ ಸದ್ದೇ ಇಲ್ಲ, ಒಳಗೆ ಬಟ್ಟೆ ಸುತ್ತಿದೆ. ಇವಳು ಎರಡು ಜಡೆ ಹಾಕಿಕೊಂಡು ಸಾಲಿನಲ್ಲಿ ತೆಪ್ಪಗೆ ನಿಂತಿದ್ದಾಳೆ!

ಹೆಸರು ಮಾತ್ರ ಹುಡುಗರಿಗೆ ಹೋಗುತ್ತದೆ. ಆಗ ಒಳಗೊಳಗೇ ಕುದಿಯುತ್ತಾಳಲ್ವಾ, ಆ ಸಿಟ್ಟನ್ನು ಬಿಡಬೇಡಿ. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು ಅದೇ.

ಪಾಪದ ಮಗುವನ್ನು ಅಳಿಸುವ ಕೀಟಲೆ ಬೇಡ. ಅದು ಕೀಟಲೆಯಲ್ಲ, ಕಾಟ.

ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ.